ಮಾರ್ಚ್ 6ರ ಆ ಪಂದ್ಯ

ಇಂದು ಬೆಳಿಗ್ಗೆ ಹಳೆಯ ಅಂಕಪಟ್ಟಿಗಳನ್ನು ತಿರುವಿಹಾಕುತ್ತಿದ್ದಾಗ, ಇಂಗ್ಲೆಂಡಿನ ರಗ್ಬಿ ಯೂನಿಯನ್‌ನ (ತಂಡಕ್ಕೆ ಹದಿನೈದು ಆಟಗಾರರಿರುವ ರಗ್ಬಿ ಆಟದ) ಎರಡನೆಯ ಸ್ತರದ ಲೀಗ್ ಆದ ಚಾಂಪಿಯನ್‌ಷಿಪ್‌ನ 2020-21ರ ಋತು ಮತ್ತೆ ಕಣ್ಣಿಗೆ ಬಿತ್ತು. 2019ರಲ್ಲಿ ಇಂಗ್ಲೆಂಡ್ ಮತ್ತು ಯುರೋಪ್ ಎರಡರ ಪ್ರಶಸ್ತಿಯನ್ನೂ ಗೆದ್ದಿದ್ದ ಸಾರಸೆನ್ಸ್ ತಂಡವು, ಆಟಗಾರರ ಸಂಬಳಕ್ಕೆ ವಿಧಿಸಿದ್ದ ಮಿತಿಯನ್ನು ಮೀರಿದ ತಪ್ಪಿಗಾಗಿ ಈ ಲೀಗಿಗೆ ಇಳಿಯಬೇಕಾಯಿತು. ಕೊರೋನಾದಿಂದಾಗಿ ಋತು ಆರಂಭವಾದದ್ದೇ 2021ರ ಮಾರ್ಚ್‌ನಲ್ಲಿ. ಲಂಡನ್ ಸ್ಕಾಟಿಷ್ ಹಿಂದೆ ಸರಿದ ಕಾರಣ ಉಳಿದದ್ದು 11 ತಂಡಗಳು.

ಮಾರ್ಚ್ 6ರಂದು, ಇಂಗ್ಲೆಂಡಿನ ನೈರುತ್ಯ ಭಾಗದ ಕಾರ್ನ್‌ವಾಲ್‌ನ ತುದಿಯಲ್ಲಿರುವ ಪೆನ್ಜಾನ್ಸ್ ಪಟ್ಟಣದ ಮೆನ್ನೇ ಫೀಲ್ಡ್‌ನಲ್ಲಿ, ಕಾರ್ನಿಷ್ ಪೈರೇಟ್ಸ್ ತಂಡವು ಸಾರಸೆನ್ಸನ್ನು 25-17ರಿಂದ ಸೋಲಿಸಿತು. ಸಾರಸೆನ್ಸ್‌ನ ತಾರೆಗಳಾದ ಓವನ್ ಫ್ಯಾರೆಲ್, ಮಾರೊ ಇಟೋಜೆ ಮೊದಲಾದವರು ಆಗ ಯುರೋಪಿನ ಆರು ರಾಷ್ಟ್ರೀಯ ತಂಡಗಳ ಸಿಕ್ಸ್ ನೇಷನ್ಸ್ ಟೂರ್ನಿಗಾಗಿ ಇಂಗ್ಲೆಂಡ್ ತಂಡದಲ್ಲಿದ್ದರು ಎಂಬುದು ನಿಜವೇ. ಆದರೂ ಕೊರೋನಾ ನಿರ್ಬಂಧಗಳಿಂದಾಗಿ ಆ ಊರಿನ ಜನರಿಗೆ ಇಂಥ ಗೆಲುವನ್ನು ತಮ್ಮದೇ ಗ್ಯಾಲರಿಯಲ್ಲಿ ಕುಳಿತು ನೋಡಲಾಗಲಿಲ್ಲವಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ.

ಮುಂದಿನದು ಊಹಿಸಿದಂತೆಯೇ ನಡೆಯಿತು. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದಿದ್ದ ಈಲಿಂಗ್ ಟ್ರೇಲ್‌ಫೈಂಡರ್ಸ್ ತಂಡವನ್ನು, ಎರಡು ಪಂದ್ಯಗಳ ಫೈನಲ್‌ನಲ್ಲಿ 60-0 ಮತ್ತು 57-15ರಿಂದ ಮಣಿಸಿ ಸಾರಸೆನ್ಸ್ ಮೇಲಿನ ಸ್ತರಕ್ಕೆ ಮರಳಿತು. ಮರುವರ್ಷ ಈಲಿಂಗ್ ಚಾಂಪಿಯನ್ ಆಯಿತಾದರೂ, ಅದರ ಮೈದಾನದಲ್ಲಿ 10,001 ಪ್ರೇಕ್ಷಕರಿಗೆ ಸ್ಥಳವಿಲ್ಲವೆಂಬ ಕಾರಣಕ್ಕೆ ಬಡ್ತಿ ಸಿಗಲಿಲ್ಲ.