ಕೆರ್ಯಾಗ ಮೀನ ಇಲ್ಲ ಅನ್ನಾವ್ರಿಗೆ

ಹಾನಗಲ್ ತಾಲೂಕಿನಾಗ ಕೆರಿಗೇನು ಬರ ಇಲ್ರಿ, ಭಾಳಷ್ಟು ಕೆರಿಗೆ ಧರ್ಮಾ ಡ್ಯಾಮಿನ ಕಾಲುವಿ ನೀರು ಬರತೇತಿ, ಡ್ಯಾಮ್ ಇರೋದು ಮುಂಡಗೋಡ ತಾಲೂಕಿನ ಮಳಗಿ ಹತ್ರ, ನೀರು ಉಣ್ಣೋದು ನಮ್ ಕಡೆ ಹೊಲ. ನಮ್ಮೂರ ಕೆರಿನೂ ಅಂಥಾದ್ದ. ಹುಬ್ಬಳ್ಳಿಯಿಂದ ರಜಾಕ್ಕ ಊರಿಗೆ ಹೋದ್ರ ನಾ ಗಾಳ ತಗೊಂಡು ಏರಿ ಮ್ಯಾಲ ಕುಂದ್ರಾವ. ಈಗಿನ ಹುಡುಗ್ರು ಆನ್‌ಲೈನಾಗ ಚಲೋ ರಾಡು ರೀಲು ತರಿಸ್ಯಾರ, ಖುಷಿನ, ಆದ್ರ ಎಲ್ಲಿ ಬೇಕಲ್ಲಿ ಒಗದು ಅರ್ಧಾ ತಾಸಿಗೆ ಮೀನ ಇಲ್ಲ ಇಲ್ಲೆ ಅಂತ ಎದ್ದ ಹೊಕ್ಕಾರ.

ಮೀನ ಇರ್ತಾವ್ರಿ. ಯಾವುದು ಎಷ್ಟು ಆಳದಾಗ ಐತಿ ಅಂತ ನೋಡಬೇಕು ಅಷ್ಟ.

ಕಾಟ್ಲಾದ ಬಾಯಿ ನೋಡ್ರಿ, ಕೆಳಗಿನ ದವಡಿ ಮುಂದ ಬಂದು ಬಾಯಿ ಮ್ಯಾಲಕ್ಕ ತಿರಗಿರತೇತಿ, ಮ್ಯಾಲಿನ ನೀರಾಗ ತೇಲೋ ಸಣ್ಣ ಸಣ್ಣ ಜೀವಿ ತಿಂದು ಬೆಳಿಯೋ ಮೀನ ಅದು. ರೋಹು ನಡುನೀರಿಂದು. ಮೃಗಾಲದ ಬಾಯಿ ಕೆಳಗ, ತಳದ ರಾಡಿ ಕೆದರಿ ತಿಂತೇತಿ. ಮೂರನ್ನೂ ಒಂದ ಕೆರ್ಯಾಗ ಬಿಡೋದು ಅದಕ್ಕ, ಒಂದರ ಊಟಕ್ಕ ಇನ್ನೊಂದು ಅಷ್ಟಾಗಿ ಅಡ್ಡ ಬರಂಗಿಲ್ಲ. ಹಿಂಗಾಗಿ ನೀರ ಮ್ಯಾಲ ತೇಲೋ ಬೆಂಡಿನಿಂದ ಗಾಳದ ತನಕ ಎಷ್ಟು ದಾರ ಬಿಡ್ತೀರಿ ಅನ್ನೋದರ ಮ್ಯಾಲ ನಿಮ್ಮ ದಿವಸ ನಿಂತೇತಿ. ನಾ ಇನ್ನೂ ಜೋಳದ ದಂಟಿನ ಬೆಂಡ ಕಟ್ಟತೀನಿ, ಹಗುರ ಇರತೇತಿ, ಮೀನ ಬರೇ ಮೂಸಿ ನೋಡಿದ್ರೂ ಅಳ್ಳಾಡತೇತಿ. ತಳಕ್ಕ ಎರಿಹುಳ, ರೋಹು ಬೇಕಂದ್ರ ಗೋಧಿಹಿಟ್ಟಿನಾಗ ಶೇಂಗಾಹಿಂಡಿ ಕಲಸಿದ ಗಟ್ಟಿ ಉಂಡಿ.

ಬ್ಯಾಸಗ್ಯಾಗ ನೀರು ಕಡಿಮಿ ಆದಾಗ, ಗಾಳಿ ಇಲ್ಲದ ಮೋಡದ ದಿವಸ, ನಸಿಕಿನ್ಯಾಗ ಮೀನ ಮ್ಯಾಲ ಬಂದು ಬಾಯಿ ತಗದು ತಗದು ಮಾಡ್ತಾವು, ಅವು ಹಸದಿಲ್ರಿ, ಉಸರು ಸಾಲವಲ್ದಾಗೇತಿ. ರಾತ್ರಿ ಪಾಚಿನೂ ನೀರಾಗಿನ ಆಕ್ಸಿಜನ್ ತಗೋತೇತಿ, ಬಿಸಲು ಬಿದ್ದ ಮ್ಯಾಲ ಬಿಡೋದು. ಆವಾಗ ಗಾಳ ಹಾಕಬ್ಯಾಡ್ರಿ, ತಿನ್ನಂಗೂ ಇಲ್ಲ, ಪಾಪನೂ ಹೌದು.

ಇನ್ನೊಂದು, ಇದನ್ನ ಭಾಳ ಮಂದಿ ತಿಳ್ಕೊಳ್ಳಂಗಿಲ್ಲ. ಈ ಮೂರೂ ಮೀನ ನಿಂತ ನೀರಾಗ ಮರಿ ಮಾಡಂಗಿಲ್ಲ, ಅವುಕ್ಕ ಮಳಿಗಾಲದಾಗ ಹರಿಯೋ ಹೊಳಿ ಬೇಕು. 1957ರಾಗ ಮೀನ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಒಡಿಶಾದ ಅಂಗುಲ್‌ನಾಗ ಪಿಟ್ಯುಟರಿ ಅನ್ನೋ ಮಿದುಳಿನ ಬುಡದ ಗ್ರಂಥಿಯ ಇಂಜೆಕ್ಷನ್ ಕೊಟ್ಟು ತತ್ತಿ ಇಡಿಸಿ ತೋರಿಸಿದ್ರು, ಆ ದಾರಿ ಸಿಕ್ಕಿದ್ದಕ್ಕ ಇವತ್ತ ಹ್ಯಾಚರಿಯಿಂದ ಮರಿ ನಮ್ಮ ಕೆರಿತನಕ ಬರ್ತಾವು. ನಮ್ಮೂರಾಗ ಅದಕ್ಕ ರೊಕ್ಕ ಹಾಕಾವ್ರು ಕೆರಿ ಲೀಸ್ ಹಿಡದ ಮೀನುಗಾರ್ರ ಸೊಸೈಟಿಯವ್ರು. ಅವರು ಬೆಳಸಿದ್ದನ್ನ ಕೇಳದ ಹಿಡದ್ರ ಮತ್ತೊಬ್ಬರ ಹೊಲದಾಗಿನ ತೆನಿ ಮುರದಂಗ. ನಾ ಹೋದ ಕೂಡ್ಲೇ ಸೊಸೈಟಿ ಕಾಕಾನ ಹರಗೋಲ ಹತ್ರ ಹೋಗಿ, "ಕಾಕಾ, ಇವತ್ತ ಗಾಳ ಹಾಕ್ಲೇನ್ರಿ?" ಅಂತೀನಿ. "ಹಾಕಪಾ ತಮ್ಮಾ, ಸಣ್ಣ ಕಾಟ್ಲಾ ಬಂದ್ರ ಬಿಟ್ಟಬಿಡು, ಜಿಲೇಬಿ ಎಷ್ಟರ ಒಯ್ಯಿ" ಅಂತಾರ. ಜಿಲೇಬಿ ಅಂದ್ರ ತಿಲಾಪಿಯಾ ಮೀನ. ಬಿಡೂ ಮುಂದ ಕೈ ತೋಯಿಸ್ಕೋರಿ, ಒಣಾ ಕೈಲೆ ಹಿಡದ್ರ ಮೈಮ್ಯಾಲಿನ ಲೋಳಿ ಹೋಗಿ ಮೀನಕ್ಕ ರೋಗ ಹತ್ತತೇತಿ.

ಜಿಲೇಬಿಗೆ ಕಾಕಾ ಲೆಕ್ಕ ಇಡದ್ದಕ್ಕ ಕಾರಣ ಐತಿ. ತಾಯಿ ತತ್ತಿನ ಬಾಯಾಗ ಇಟಗೊಂಡು ಕಾಯತೇತಿ, ನಿಂತ ನೀರಾಗೂ ಸಂತಾನ ಬೆಳದ ಬೆಳೀತೇತಿ, ಕೆರಿ ತುಂಬಿ ಎಲ್ಲಾ ಅಂಗೈಯಷ್ಟ ಉಳೀತಾವು. ಅದನ್ನ ದಂಡಿಗೆ, ಮೊಣಕಾಲುದ್ದ ನೀರಾಗ ಎರಿಹುಳ ಹಾಕಿ ಹಿಡೀರಿ, ಹುಡುಗ್ರಿಗೆ ಕಲಸಾಕ ಅದಕ್ಕಿಂತ ಚಲೋ ಮೀನ ಇಲ್ಲ. ಆದ್ರ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ರ ಮಾತ್ರ ತಿರುಗಿ ನೀರಿಗೆ ಬಿಡಬ್ಯಾಡ್ರಿ, ಸಾಕಾಕ ನಿಷೇಧ ಐತಿ ಅದು, ಕಾಟ್ಲಾ, ರೋಹು, ಮೃಗಾಲದಂಥಾ ನಮ್ಮ ಗೆಂಡಿ ಮೀನಿನ ಮರಿ ಎಲ್ಲಾ ನುಂಗತೇತಿ, ಸೊಸೈಟಿಯವ್ರಿಗೆ ಅವಾಗಿಂದವಾಗ ಹೇಳ್ರಿ.