ಎಲೆ ಅಡಿಕೆ ಕೈ ಬದಲಾಗುವ ಮೊದಲು

17 ನವೆಂಬರ್ 2024, ಭಾನುವಾರ

ಬುಧವಾರ ತುಳಸಿ ಹಬ್ಬ ಮುಗಿಯಿತು. ಡಿಸೆಂಬರ್ ನಡುವಿಗೆ ಮದುವೆಯಂಥ ಶುಭಕಾರ್ಯ ನಡೆಸದ ಧನುರ್ಮಾಸ ಹಿಡಿಯುತ್ತದೆ. ಮಧ್ಯೆ ಸಿಗುವುದು ಒಂದೇ ತಿಂಗಳು. ಅಷ್ಟರೊಳಗೆ ಜಾತಕ ತರಿಸಬೇಕು, ಹುಡುಗಿ ನೋಡಬೇಕು, ಮಾತುಕತೆ ಆಗಬೇಕು, ಕೂಡಿ ಬಂದರೆ ನಿಶ್ಚಿತಾರ್ಥವನ್ನೂ ಮುಗಿಸಿಬಿಡಬೇಕು ಎಂಬ ಅವಸರ ಎಷ್ಟೋ ಮನೆಗಳಲ್ಲಿ ಈಗ ಶುರುವಾಗಿರುತ್ತದೆ. ಕೇಳದೇ ಇದ್ದವರನ್ನು ಕೇಳಿದರು ಅಂದುಕೊಳ್ಳುವುದು, ಒಪ್ಪದೇ ಇದ್ದವರನ್ನು ಒಪ್ಪಿದರು ಅಂದುಕೊಳ್ಳುವುದು ಹೆಚ್ಚಾಗಿ ಈ ಗಡಿಬಿಡಿಯಲ್ಲೇ. ಅದಕ್ಕೇ ಇವತ್ತು ಇದನ್ನು ಬರೆದಿಡಬೇಕು ಅನ್ನಿಸಿತು.

ನಮ್ಮಲ್ಲಿ ಮದುವೆಯ ಪ್ರಸ್ತಾಪ ಮಾತಿನಲ್ಲಿ ಆಗುವುದು ಕಡಿಮೆ. "ನನ್ನನ್ನು ಮದುವೆ ಆಗ್ತೀರಾ?" ಎಂದು ಯಾರೂ ಬಾಯಿಬಿಟ್ಟು ಕೇಳಿರುವುದೇ ಇಲ್ಲ. ಒಂದು ಜಾತಕ ಹೋಗಿರುತ್ತದೆ, ಒಂದು ತಟ್ಟೆ ಕೇಸರಿಬಾತ್ ಬಂದಿರುತ್ತದೆ, ಯಾರೋ ಹಿರಿಯರು ಒಂದು ಮೊಳ ಹೂ ಮುಡಿಸಿರುತ್ತಾರೆ. ಇವಕ್ಕೆಲ್ಲ ಅರ್ಥವಿದೆ. ಆದರೆ ಒಂದು ಮನೆಯ ಅರ್ಥವೇ ಇನ್ನೊಂದು ಮನೆಯಲ್ಲೂ ಇರಬೇಕೆಂದಿಲ್ಲ. ಮೈಸೂರು ಕಡೆಯ ಮನೆ ಮತ್ತು ಧಾರವಾಡ ಕಡೆಯ ಮನೆ ಸಂಬಂಧ ಬೆಳೆಸಲು ಹೊರಟರಂತೂ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು ಜಾತಕ. ಜಾತಕ ಕೊಟ್ಟ ಮಾತ್ರಕ್ಕೆ ಹೆಣ್ಣು ಕೇಳಿದ ಹಾಗಾಗುವುದಿಲ್ಲ. ಅದು ಕೂಟ, ಅಂದರೆ ಎರಡು ಜಾತಕಗಳ ಹೊಂದಾಣಿಕೆ, ನೋಡಿಸುವುದಕ್ಕೆ ಕೊಟ್ಟ ಕಾಗದ, ಅಷ್ಟೆ. ತೊಂದರೆ ಬರುವುದು ಅದರ ನಂತರದ ಒಂದು ಫೋನ್ ಕರೆಯಲ್ಲಿ. 36 ಗುಣಗಳಲ್ಲಿ 18 ದಾಟಿದರೆ ಸಾಕು ಎನ್ನುವುದು ಸಾಮಾನ್ಯ ಲೆಕ್ಕ. 24 ಬಂತೆಂದು ಸಂತೋಷದಲ್ಲಿ ಯಾರೋ "ಜಾತಕ ಚೆನ್ನಾಗಿ ಕೂಡಿ ಬಂದಿದೆ" ಎನ್ನುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಅದು ಲೆಕ್ಕದ ಫಲಿತಾಂಶ. ಕೇಳಿದವರ ಕಿವಿಗೆ ಅದು ಒಪ್ಪಿಗೆ. ಸಂಜೆಯೊಳಗೆ ಸೋದರತ್ತೆಗೂ ಚಿಕ್ಕಪ್ಪನಿಗೂ ಸುದ್ದಿ ಹೋಗಿರುತ್ತದೆ. ಹಾಗಾಗಿ ಆ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಬಾರದು: "ಜಾತಕ ಕೂಡಿದೆ, ಮುಂದಿನದು ಹುಡುಗ ಹುಡುಗಿ ಮಾತಾಡಿಕೊಂಡ ಮೇಲೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು.

ಈಚೆಗೆ ಜಾತಕದ ಜಾಗಕ್ಕೆ ಬಯೋಡೇಟಾ ಬಂದಿದೆ. ಮಗನಿಗೋ ಮಗಳಿಗೋ ಗೊತ್ತೇ ಇಲ್ಲದೆ ಅದು ಮೂರು ವಾಟ್ಸಾಪ್ ಗುಂಪು ದಾಟಿರುತ್ತದೆ. ಆ ಕಡೆಯಿಂದ ಫೋಟೋ ಬಂದಾಗ ಮನೆಯವರು ಒಂದು ಹೆಬ್ಬೆರಳಿನ ಗುರುತು ಒತ್ತುತ್ತಾರೆ. 'ತಲುಪಿತು' ಎಂಬರ್ಥದಲ್ಲಿ ಒತ್ತಿದ್ದು, ಆ ಕಡೆಯವರಿಗೆ 'ಒಪ್ಪಿಗೆ' ಎಂದು ಕಂಡಿರುತ್ತದೆ. ಇಂಥ ವಿಷಯಕ್ಕೆ ಚಿಹ್ನೆ ಸಾಲದು, ಎರಡು ಸಾಲು ಬರೆಯಲೇಬೇಕು.

ಊಟದ ವಿಷಯ ಎಷ್ಟೋ ಹುಡುಗರಿಗೆ ತಿಳಿದಿರುವುದಿಲ್ಲ. ಹುಡುಗಿ ನೋಡಲು ಹೋದಾಗ ಉಪ್ಪಿಟ್ಟು, ಕೇಸರಿಬಾತ್, ಕಾಫಿ ತೆಗೆದುಕೊಳ್ಳುವುದು ಎಲ್ಲ ಕಡೆ ಇರುವುದೇ. ಆದರೆ ಕೆಲವು ಮನೆತನಗಳಲ್ಲಿ ಸಂಬಂಧ ಕುದುರುವವರೆಗೆ ಹುಡುಗನ ಕಡೆಯವರು ಆ ಮನೆಯಲ್ಲಿ ಊಟ ಮಾಡುವುದಿಲ್ಲ. ಅಂಥ ಮನೆಯಲ್ಲಿ ಹೊತ್ತಾಯಿತೆಂದು ಎಲೆಯ ಮುಂದೆ ಕೂತರೆ ಒಪ್ಪಿದ ಹಾಗೆಯೇ ಲೆಕ್ಕ. ಬೆಳಗಿನ ತಿಂಡಿ ಹೊತ್ತಿಗೆ ಅಥವಾ ಸಂಜೆ ನಾಲ್ಕರ ಸುಮಾರಿಗೆ ಹೋಗುವುದು ಇದಕ್ಕೆ ಸುಲಭದ ಉಪಾಯ. ಊಟದ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ತಟ್ಟೆ. ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲಿ, ಯಾಕೆಂದರೆ ಎರಡು ಬೇರೆ ಬೇರೆ ತಟ್ಟೆಗಳು ದೂರದಿಂದ ಒಂದೇ ಥರ ಕಾಣುತ್ತವೆ. ಮನೆಗೆ ಬಂದ ಹೆಂಗಸರು ಹೊರಡುವಾಗ ಅರಿಶಿನ ಕುಂಕುಮ ಕೊಡುವುದು ವಾಡಿಕೆ: ವೀಳ್ಯದೆಲೆ, ಅಡಿಕೆ, ಬಾಳೆಹಣ್ಣೋ ತೆಂಗಿನಕಾಯಿಯೋ, ಒಂದು ಬ್ಲೌಸ್ ಪೀಸ್, ತುಂಡು ಹೂ. ನಿಶ್ಚಯದ ತಾಂಬೂಲದಲ್ಲೂ ಎಲೆ, ಅಡಿಕೆ, ಕಾಯಿ, ಹೂವೇ ಇರುತ್ತವೆ. ವ್ಯತ್ಯಾಸ ಸಾಮಾನಿನಲ್ಲಿಲ್ಲ, ಕೊಡುವ ರೀತಿಯಲ್ಲಿದೆ. ಅರಿಶಿನ ಕುಂಕುಮ ಹೆಂಗಸರಿಂದ ಹೆಂಗಸರಿಗೆ ಹೋಗುತ್ತದೆ, ಬಾಗಿಲ ಹತ್ತಿರ, ಹೊರಡುವ ಹೊತ್ತಿಗೆ, ಒಂದೇ ಕಡೆಯಿಂದ. ನಿಶ್ಚಯದ ತಟ್ಟೆ ಎರಡು ಮನೆಯ ಹಿರಿಯರು ಎದುರುಬದುರು ಕೂತು, ನಾಲ್ಕು ಜನರ ಸಮ್ಮುಖದಲ್ಲಿ, ಇಂಥವರ ಮಗಳನ್ನು ಇಂಥವರ ಮಗನಿಗೆ ಎಂದು ಹೆಸರು ಹೇಳಿ, ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಬದಲಾಗುತ್ತದೆ. ತಟ್ಟೆ ಎರಡೂ ಕಡೆ ಕೈ ಬದಲಾಯಿತೇ, ಹೆಸರು ಹೇಳಿದರೇ ಎಂಬ ಎರಡು ವಿಷಯ ನೋಡಿದರೆ ಸಾಕು. ಎರಡೂ ಇಲ್ಲದಿದ್ದರೆ ಅದು ಬಂದವರಿಗೆ ಕೊಟ್ಟ ಮರ್ಯಾದೆ.

ಈ ಎರಡರ ನಡುವೆ ತೂಗುವುದು ಹೂ ಮುಡಿಸುವುದು. ಹುಡುಗಿ ನೋಡಲು ಬಂದ ಅಜ್ಜಿ ಪ್ರೀತಿಯಿಂದ ಮಲ್ಲಿಗೆ ಮುಡಿಸಿ ಕೈಗೆ ನೂರೊಂದು ರೂಪಾಯಿ ಇಟ್ಟರೆ, ಹೂ ಮುಡಿಸುವ ಶಾಸ್ತ್ರ ಇರುವ ಮನೆಯವರಿಗೆ ಹೆಣ್ಣು ಗೊತ್ತಾದ ಹಾಗೆ. ಅಜ್ಜಿಗೆ ಹೊರಡುವ ಮೊದಲೇ ಹೇಳಿಡಬೇಕು. ಹುಡುಗಿಯೂ ತಲೆಯೊಡ್ಡದೆ "ಕೈಗೆ ಕೊಡಿ ಅಜ್ಜಿ, ಆಮೇಲೆ ಮುಡ್ಕೋತೀನಿ" ಎಂದು ಹೂವನ್ನು ಕೈಯಲ್ಲೇ ತೆಗೆದುಕೊಳ್ಳಬಹುದು. ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಸಂಬಂಧಿಕರ ಒಳಗಿನದು ಇನ್ನೂ ಸೂಕ್ಷ್ಮ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇರುವ ಮನೆಗಳಲ್ಲಿ ತೊಟ್ಟಿಲ ಶಾಸ್ತ್ರದ ದಿನವೇ "ಇವಳು ನಮ್ಮನೆ ಸೊಸೆ" ಎಂದು ಅತ್ತೆ ಹೇಳಿರುತ್ತಾಳೆ. ಇಪ್ಪತ್ತೈದು ವರ್ಷ ಎಲ್ಲರೂ ನಗುತ್ತಾ ಅದನ್ನೇ ಹೇಳಿರುತ್ತಾರೆ. ಹುಡುಗಿಗೆ ಬೇರೆ ಕಡೆ ಗಂಡು ನೋಡಲು ಹೊರಟ ದಿನ ಅತ್ತೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಇಲ್ಲಿ ಇಬ್ಬರು ಮಕ್ಕಳೂ ಸೇರಿ ಮಾತಾಡುವುದೇ ದಾರಿ. ಹುಡುಗ ತನ್ನ ಅಮ್ಮನಿಗೆ, ಹುಡುಗಿ ತನ್ನ ಅಪ್ಪನಿಗೆ, ಒಂದೇ ದಿನ, ಒಂದೇ ಮಾತು ಹೇಳಬೇಕು. ಹುಡುಗಿ ಒಬ್ಬಳೇ ಹೇಳಿದರೆ ಅತ್ತೆಯ ಮನೆಯನ್ನು ಬೇಡವೆಂದ ಹಾಗಾಗುತ್ತದೆ, ತವರಿನ ಸಂಬಂಧವೇ ಮುರಿಯುತ್ತದೆ.

ಸ್ನೇಹಿತರ ನಡುವೆ ಆಗುವುದು ಬೇರೆ ರೀತಿ. "ನಿಮ್ಮಮ್ಮನ ಕೈ ಸಾರು ದಿನಾ ಸಿಗೋ ಹಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದು ಹುಡುಗ ಹೇಳಿದ. ಅವನಿಗೆ ಅದು ಸಾರಿನ ಮಾತು, ಅವಳಿಗೆ ಜೀವನದ ಮಾತು. ಇಲ್ಲಿ ಹೌದು, ಇಲ್ಲ ಎರಡನ್ನೂ ಹೇಳಬೇಡಿ. "ನೀನು ಹೇಳಿದ್ದನ್ನ ನಾನು ಮದುವೆ ವಿಷಯ ಅಂದ್ಕೊಂಡೆ, ಸರಿನಾ?" ಎಂದು ಅದೇ ದಿನ ಕೇಳಿ, ಮನೆಯಲ್ಲಿ ಹೇಳುವುದಕ್ಕೆ ಮುಂಚೆ. ಒಮ್ಮೆ ಅಮ್ಮನ ಕಿವಿಗೆ ಬಿದ್ದ ಮೇಲೆ ಅದು ಇಬ್ಬರ ಮಾತಾಗಿ ಉಳಿಯುವುದಿಲ್ಲ. ತಪ್ಪು ಅರ್ಥ ಕೊಟ್ಟವರು ಮೊದಲು ಹೇಳಬೇಕಾದ್ದು "ನನ್ನ ಮಾತು ಸರಿ ಇರಲಿಲ್ಲ" ಎಂಬುದು. "ನೀನೇ ಏನೋ ಅಂದ್ಕೊಂಡೆ" ಎಂದರೆ ಆ ಮಾತು ಅವಳ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಮನೆಗಳ ನಡುವೆ ತಪ್ಪು ತಿಳಿವಳಿಕೆ ಆಗಿಯೇಬಿಟ್ಟಿದ್ದರೆ, ಸುದ್ದಿ ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕು. ಮಾವನ ಮೂಲಕ ಬಂದದ್ದನ್ನು ಮಾವನ ಮೂಲಕವೇ ಹೇಳಿಸಬೇಕು. ಅವರನ್ನು ಬಿಟ್ಟು ನೇರ ಫೋನ್ ಮಾಡಿದರೆ ಮಧ್ಯಸ್ಥರು ಮುನಿಸಿಕೊಳ್ಳುತ್ತಾರೆ, ಕೆಲಸ ಎರಡಾಗುತ್ತದೆ. ಎರಡು ದಿನ ಮೀರಬಾರದು. ಅದಕ್ಕೂ ಮುಂಚೆ ಹುಡುಗ ಹುಡುಗಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ, ಮನೆಯಲ್ಲಿ ಏನು ಹೇಳುವುದೆಂದು ಒಪ್ಪಿಕೊಂಡಿರಬೇಕು. "ನಾವಿಬ್ಬರೂ ಮಾತಾಡಿದ್ವಿ, ಇನ್ನೂ ತೀರ್ಮಾನ ಮಾಡಿಲ್ಲ, ಜಾತಕ ನೋಡಿದ್ದು ಮಾತ್ರ ನಿಜ" ಎಂಬಷ್ಟು ಸಾಕು.

ಇಲ್ಲಿ ಎಲ್ಲರೂ ಹಿಡಿಯುವ ಎರಡು ನೆಪಗಳು ಕೆಲಸ ಕೆಡಿಸುತ್ತವೆ. ಒಂದು, "ಜಾತಕ ಕೂಡಲಿಲ್ಲ". ಕೂಡಿದೆ ಎಂದು ಮೊದಲೇ ಹೇಳಿಬಿಟ್ಟಿದ್ದರೆ ಅವರು ಇನ್ನೊಬ್ಬ ಜೋಯಿಸರಿಂದ ನೋಡಿಸುತ್ತಾರೆ, ಆ 36ರಲ್ಲಿ ನಾಡಿಕೂಟದ್ದೆಂದು ಇರುವ 8 ಅಂಕ ಹೋಗಿದ್ದರೂ ಪರಿಹಾರ ಬರೆಸಿಕೊಂಡು ಬರುತ್ತಾರೆ. ಇನ್ನೊಂದು, "ಒಂದು ವರ್ಷ ಮದುವೆ ಬೇಡ". ಅವರು ನಿಜವಾಗಿಯೂ ಒಂದು ವರ್ಷ ಕಾಯುತ್ತಾರೆ, ಬೇರೆ ಸಂಬಂಧ ಬಿಡುತ್ತಾರೆ. ಬೇಡವೆನ್ನುವುದಾದರೆ "ಮಕ್ಕಳಿಗೆ ಒಪ್ಪಿಗೆ ಆಗಲಿಲ್ಲ, ದಯವಿಟ್ಟು ನೀವು ಬೇರೆ ಕಡೆ ನೋಡಿ" ಎನ್ನುವುದೇ ಮರ್ಯಾದೆ.

ಕೊಟ್ಟ ಸೀರೆ, ಉಂಗುರ ಇದ್ದರೆ ಅದೇ ವಸ್ತುವನ್ನು ಹಿಂದಿರುಗಿಸಬೇಕು, ದುಡ್ಡಾಗಿ ಅಲ್ಲ. ಕೊರಿಯರ್ ಬೇಡ, ಕೊಂಡೊಯ್ದವರ ಕೈಯಲ್ಲೇ ಹೋಗಲಿ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟಿದ್ದರೆ ಅದು ಪೂರ್ತಿ ವಾಪಸ್ ಬರುವುದು ಕಷ್ಟ. ತಟ್ಟೆ ಬದಲಾಗುವವರೆಗೆ ಛತ್ರ ಕಾಯ್ದಿರಿಸಬಾರದು ಎನ್ನುವುದು ಇದಕ್ಕೇ. ಕೆಲವರು ನಿಶ್ಚಿತಾರ್ಥವಾದರೆ ಅರ್ಧ ಮದುವೆ ಆಯಿತೆಂದು ಮಕ್ಕಳನ್ನು ಹೆದರಿಸುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಸಪ್ತಪದಿ ಇರುವ ಮದುವೆ ಪೂರ್ಣವಾಗುವುದು ಏಳನೇ ಹೆಜ್ಜೆ ಇಟ್ಟಾಗ. ತಟ್ಟೆ ಬದಲಾದ ಮಾತ್ರಕ್ಕೆ ಯಾರೂ ಗಂಡ ಹೆಂಡತಿ ಆಗುವುದಿಲ್ಲ.

ತಪ್ಪು ತಿಳಿದೇ ಮಾತಾಡುತ್ತಾ ಇಬ್ಬರಿಗೂ ಮನಸ್ಸು ಕೂಡಿತು ಎನ್ನುವುದೂ ಉಂಟು. ಆಗ ಹೇಗಿದ್ದರೂ ಆಗಿಹೋಯಿತಲ್ಲ ಎಂದು ಹಳೆಯದನ್ನೇ ಮುಂದುವರಿಸುವುದು ನನಗೆ ಸರಿಯೆನಿಸುವುದಿಲ್ಲ. ಮೊದಲು ಎರಡೂ ಮನೆಗೆ ಅದು ತಪ್ಪಾಗಿತ್ತೆಂದು ಹೇಳಿ, ಒಂದೆರಡು ವಾರ ಬಿಟ್ಟು, ಹುಡುಗನ ಮನೆಯ ಹಿರಿಯರು ಹುಡುಗಿಯ ಮನೆಗೆ ಹೋಗಿ, ಹುಡುಗಿಯನ್ನೂ ಕೂರಿಸಿಕೊಂಡು, "ನಿಮ್ಮ ಮಗಳನ್ನ ನಮ್ಮ ಮನೆಗೆ ಕೇಳೋಕೆ ಬಂದಿದೀವಿ" ಎಂದು ಬಾಯಿಬಿಟ್ಟು ಕೇಳಲಿ. ಅವಳು ಹೂಂ ಎಂದ ಮೇಲೆ ಹೊಸ ಎಲೆ, ಹೊಸ ಅಡಿಕೆ ತರಲಿ.