ಮೈತುಂಬ ಡಿಎನ್ಎ ಇದ್ದರೂ ದಿನಾ ಜ್ವರ ಯಾಕೆ ಬರಲ್ಲ?

ಮುಂಬೈನ ಮಾಟುಂಗಾದಲ್ಲಿ ನಮ್ಮವರ ಮದುವೆ, ಮುಂಜಿ ಅಂತ ಹೋದರೆ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: “ಲ್ಯಾಬಲ್ಲಿ ಏನಪ್ಪಾ ಮಾಡ್ತೀಯ?” ಡಿಎನ್ಎ ಸಿಕ್ಕರೆ ಉರಿಯೂತ ಎಬ್ಬಿಸುವ ಪ್ರೋಟೀನಿನ ಬಗ್ಗೆ ಕೆಲಸ ಅನ್ನುತ್ತೇನೆ. “ಡಿಎನ್ಎ ನಮ್ಮ ಮೈತುಂಬ ಇದೆ. ಹಾಗಾದ್ರೆ ದಿನಾ ಜ್ವರ ಬರಬೇಕಲ್ವಾ?”

ಸರಿಯಾದ ಜಾಗಕ್ಕೇ ಕೈ ಹಾಕಿದ ಪ್ರಶ್ನೆ.

ಆ ಪ್ರೋಟೀನಿನ ಹೆಸರು ಸಿ-ಗ್ಯಾಸ್. (ಹೊಟ್ಟೆಯ ಗ್ಯಾಸ್‌ಗೂ ಇದಕ್ಕೂ ಸಂಬಂಧವಿಲ್ಲ. ಅದನ್ನೂ ಕೇಳಿದವರಿದ್ದಾರೆ.) 2013ರಲ್ಲಿ ಟೆಕ್ಸಾಸ್‌ನ ಝಿಜಿಯಾನ್ ಚೆನ್ ಅವರ ತಂಡ ಇದರ ಕೆಲಸವನ್ನು ತೋರಿಸಿಕೊಟ್ಟಿತು. ಒಂಟಿಯಾಗಿದ್ದಾಗ ಇದು ಸುಮ್ನೆ ಇರುತ್ತದೆ. ವೈರಸ್ಸಿನ ಡಿಎನ್ಎ ಜೀವಕೋಶದೊಳಗೆ ನುಗ್ಗಿದರೆ ಅದಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಕೂಡಲೇ ಆಕಾರ ಬದಲಾಗಿ, ಎರಡೆರಡು ಸಿ-ಗ್ಯಾಸ್ ಜೋಡಿಯಾಗಿ, ಸಿ-ಗ್ಯಾಂಪ್ ಅನ್ನುವ ಪುಟ್ಟ ಅಣುವನ್ನು ತಯಾರಿಸುತ್ತವೆ. ಅದು ಸ್ಟಿಂಗ್ ಅನ್ನುವ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಇಂಟರ್‌ಫೆರಾನ್ (ವೈರಸ್ ಬಂತೆಂದು ಮೈಯನ್ನು ಎಚ್ಚರಿಸುವ ಪ್ರೋಟೀನು), ಉರಿಯೂತ, ಜ್ವರ.

ತಮಾಷೆ ಏನೆಂದರೆ, ಈ ಕಾವಲುಗಾರನಿಗೆ ಓದಲು ಬರುವುದಿಲ್ಲ. ಡಿಎನ್ಎಯಲ್ಲಿ ಏನು ಬರೆದಿದೆ ಅನ್ನುವುದು ಅದಕ್ಕೆ ಬೇಡ. ಉದ್ದ ಮಾತ್ರ ಗೊತ್ತಾಗುತ್ತದೆ: ಡಿಎನ್ಎ ಏಣಿಯ ಮೆಟ್ಟಿಲುಗಳಂತಿರುವ ಅಕ್ಷರ-ಜೋಡಿಗಳ ಲೆಕ್ಕದಲ್ಲಿ ಸುಮಾರು 45 ಜೋಡಿಗಿಂತ ಉದ್ದದ ತುಂಡು ಸಿಕ್ಕರೆ ಗಲಾಟೆ ಜಾಸ್ತಿ. ಅಂದಮೇಲೆ ನಮ್ಮದು ಯಾವುದು, ವೈರಸ್ಸಿನದು ಯಾವುದು ಅಂತ ಹೇಗೆ ತಿಳಿಯಬೇಕು?

ನಮ್ಮ ಡಿಎನ್ಎ ಕೋಶಕೇಂದ್ರದ ಒಳಗೆ, ಸಿ-ಗ್ಯಾಸ್ ಹೊರಗೆ, ಎರಡೂ ಭೇಟಿಯಾಗುವುದಿಲ್ಲ. ಮೊದಲು ಸಿಗುತ್ತಿದ್ದ ಉತ್ತರ ಇದು. ಆಮೇಲೆ ನೋಡಿದರೆ ಸಿ-ಗ್ಯಾಸ್ ಒಳಗೂ ಬೇಕಾದಷ್ಟಿದೆ! ಗಂಟು ಬಿಡಿಸಿದ್ದು 2020ರಲ್ಲಿ ಬೇರೆ ಬೇರೆ ತಂಡಗಳು ತೆಗೆದ ಚಿತ್ರಗಳು. ನಮ್ಮ ಡಿಎನ್ಎ ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ, ಒಂದೊಂದಕ್ಕೆ ಸುಮಾರು 147 ಜೋಡಿ. ಸಿ-ಗ್ಯಾಸ್ ಆ ಉಂಡೆಯನ್ನೇ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡಾಗ ಡಿಎನ್ಎ ಹಿಡಿದು ಎಚ್ಚರವಾಗಬೇಕಾದ ಅದರ ಮಗ್ಗುಲೇ ಮುಚ್ಚಿಹೋಗುತ್ತದೆ. ಬೆಳಿಗ್ಗೆ 9ಕ್ಕೆ ದಾದರ್‌ನಲ್ಲಿ ಕಿಕ್ಕಿರಿದ ಲೋಕಲ್ ರೈಲು ಹತ್ತಿದವನ ಪಾಡೇ ಇದರದ್ದೂ: ಕಿಸೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿರುತ್ತದೆ. ಫೋನೂ ಅವನದೇ, ಕೈಯೂ ಅವನದೇ. ಕೈ ಎತ್ತಲು ಜಾಗ ಬೇಕಲ್ಲ!

ಕೋಶಕೇಂದ್ರದ ಹೊರಗೆ ಬಿದ್ದ ನಮ್ಮದೇ ಚೂರುಪಾರು ಡಿಎನ್ಎಯನ್ನು ಟ್ರೆಕ್ಸ್-1 ಅನ್ನುವ ಕಿಣ್ವ ಕತ್ತರಿಸಿ ಹಾಕುತ್ತದೆ. ಆ ಕಿಣ್ವದ ಜೀನ್ ಕೆಟ್ಟರೆ, ಅಪರೂಪಕ್ಕೆ, ನೀವು ಕೇಳಿದ ಹಾಗೆಯೇ ಆಗುತ್ತದೆ. ಐಕಾರ್ಡಿ-ಗುಟಿಯೇರ್ ಕಾಯಿಲೆ ಅನ್ನುತ್ತಾರೆ. ಹಸುಗೂಸಿಗೆ ಜ್ವರ, ಮೆದುಳಿನಲ್ಲಿ ಉರಿಯೂತ. ಹುಟ್ಟುವ ಮೊದಲೇ ವೈರಸ್ ತಗುಲಿದ ಮಗುವಿನ ಹಾಗೇ ಕಾಣುತ್ತದೆ. ಹುಡುಕಿದರೆ ವೈರಸ್ ಸಿಗುವುದಿಲ್ಲ.